ಮನೆಯವರ ಹೇಳಿಕೆ

ಪೊಲೀಸಿನವರು ಬಂದಾಗ ಮನೆಯಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ಅವ್ವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಹೀಗಾಗಿ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು ನಾನು.

ಅವರು ಬಂದದ್ದು ನನ್ನ ಅಣ್ಣನ ಹೆಂಡತಿಯ ಬಗ್ಗೆ ವಿಚಾರಿಸಲು. ವೈನಿ ಶ್ರೀಲಂಕಾದವಳು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಸಂಬಂಧದಲ್ಲಿ ಹಿರಿಯಳು. ಅಣ್ಣ ಕುವೈತಿನಲ್ಲಿ ಒಬ್ಬರ ಮನೆಯ ಕಾರು ಓಡಿಸುತ್ತಿದ್ದಾಗ ಅವಳು ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳ ಆರೈಕೆಗೆ ಇದ್ದಳು. ನಮ್ಮ ಅಜ್ಜನ ಕಾಲಕ್ಕೇ ನಮ್ಮ ಮನೆತನ ಬೌದ್ಧ ಧರ್ಮಕ್ಕೆ ಬಂದಿತ್ತು, ಅವಳು ಹುಟ್ಟಿನಿಂದಲೇ ಬೌದ್ಧಳು. ಪರಿಚಯವಾಗಲು ಅಷ್ಟು ಸಾಕಾಯಿತು ಎಂದು ಅಣ್ಣ ಹೇಳುತ್ತಾನೆ. ಮದುವೆಯಾಗಿ ಅವಳು ಮುದ್ದೇಬಿಹಾಳಕ್ಕೆ ಬಂದಾಗ ಅವಳಿಗೆ ಬರುತ್ತಿದ್ದ ಕನ್ನಡ ಎಂದರೆ 'ಬರ್ರಿ', 'ಕೂಡ್ರಿ', 'ಹೌದ್ರಿ'. ಉಳಿದದ್ದನ್ನು ಅವ್ವನಿಂದ ಕಲಿತಳು. ಎರಡು ವರ್ಷದಲ್ಲಿ ಅವಳ ಮಾತು ತಂಗಡಗಿ ಕಡೆಯ ಮುದುಕಿಯರ ಮಾತಿನಂತಾಯಿತು. ಅವ್ವನ ತವರು ತಂಗಡಗಿ.

ಇಷ್ಟಾದರೂ ಕಾಗದದ ಮೇಲೆ ಅವಳು ಪರದೇಶದವಳೇ. ಪ್ರತಿ ವರ್ಷ ಜಿಲ್ಲಾ ಕೇಂದ್ರಕ್ಕೆ ಹೋಗಿ, ಇನ್ನೊಂದು ವರ್ಷ ಇಲ್ಲಿರಲು ಪರವಾನಗಿ ತರಬೇಕಿತ್ತು. ಭಾರತೀಯನನ್ನು ಮದುವೆಯಾದವರು ಏಳು ವರ್ಷ ಇಲ್ಲಿ ಬಾಳ್ವೆ ಮಾಡಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆ ಏಳು ವರ್ಷ ತುಂಬಿದ ತಿಂಗಳಲ್ಲೇ ಅಣ್ಣ ಅರ್ಜಿ ಹಾಕಿಸಿದ್ದ. ಅದನ್ನು ಕಂಪ್ಯೂಟರಿನಲ್ಲಿ ತುಂಬಿ, ಪ್ರತಿ ತೆಗೆದು, ಮದುವೆಯ ನೋಂದಣಿ, ಅವಳ ಪಾಸ್‌ಪೋರ್ಟು, ಇಬ್ಬರು ಊರವರ ಪ್ರಮಾಣಪತ್ರ ಎಲ್ಲ ಸೇರಿಸಿ ಜಿಲ್ಲಾ ಕಚೇರಿಗೆ ಕೊಟ್ಟದ್ದಾಗಿತ್ತು. ಈಗ ಮನೆಗೆ ಬಂದು ವಿಚಾರಿಸುವ ಸರದಿ.

ಬಂದವರು ಒಬ್ಬರೇ, ನಡುವಯಸ್ಸಿನವರು, ಸಭ್ಯರು. ಚಪ್ಪಲಿ ಬಿಟ್ಟು ಒಳಗೆ ಬಂದರು, ಚಹಾ ಕುಡಿದರು. ಯಾವಾಗ ಬಂದರು, ಗಂಡನ ಜೊತೆಗೇ ಇದ್ದಾರೆಯೇ, ಮಕ್ಕಳೆಷ್ಟು, ಹೊರಗಿನವರು ಯಾರಾದರೂ ಬಂದು ಹೋಗುತ್ತಾರೆಯೇ ಎಂದೆಲ್ಲ ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಪೆನ್ನಿನ ಟೊಪ್ಪಿಗೆ ಹಾಕಿ ಏಳುವಾಗ ಅವರು ಇನ್ನೊಂದು ಮಾತು ಕೇಳಿದರು.

"ಕಾಯಂ ಇಲ್ಲೇ ಇರೋರೇನ್ರಿ ಟೀಚರ್ರ, ಇಲ್ಲಾ ಮುಂದ ತಮ್ಮ ದೇಶಕ್ಕ ಹೋಗೋರ?"

"ಅದನ್ನ ಹೆಂಗ ಹೇಳೂದ್ರಿ," ಎಂದೆ. "ಯಾವಾಗ್ಲೂ ಊರಿಗೆ ಹೋಗ್ಬೇಕು, ಊರಿಗೆ ಹೋಗ್ಬೇಕು ಅಂತಿರ್ತಾರ. ಕಾಗದ ಕೈಗೆ ಬಂದ ಮ್ಯಾಲೆ ಇರ್ತಾರೋ ಬಿಡ್ತಾರೋ, ನಮಗೇನ್ ಗೊತ್ರಿ."

ಅವರು ಮತ್ತೆ ಕೂತರು. ಪೆನ್ನು ತೆಗೆದು ನಿಧಾನವಾಗಿ ಬರೆದರು. ಹಾಳೆಯ ಮೇಲ್ಗಡೆ 'ಮನೆಯವರ ಹೇಳಿಕೆ' ಎಂದಿತ್ತು. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

ಯಾಕೆ ಹಾಗೆ ಹೇಳಿದೆ ಎನ್ನುವುದಕ್ಕೆ ಕಾರಣವಿತ್ತು. ಆದರೆ ಅದು ಸಣ್ಣ ಕಾರಣ. ಹತ್ತು ದಿನದ ಹಿಂದೆ ಸಿಂದಗಿಯಿಂದ ನನ್ನನ್ನು ನೋಡಲು ಒಂದು ಮನೆಯವರು ಬಂದಿದ್ದರು. ನನಗಾಗ ಮೂವತ್ತೈದು. ಮದುವೆಯಾಗಬೇಕಾದವರೂ ನನ್ನ ಹಾಗೆ ಪ್ರಾಥಮಿಕ ಶಾಲೆಯ ಮಾಸ್ತರರು, ಮೊದಲ ಹೆಂಡತಿ ತೀರಿಕೊಂಡಿದ್ದರು. ನಾವಿಬ್ಬರೂ ಪಡಸಾಲೆಯಲ್ಲಿ ಕೂತು ಹತ್ತು ನಿಮಿಷ ಶಾಲೆಯ ಮಾತನ್ನೇ ಆಡಿದೆವು. ಆ ಮನುಷ್ಯ ನನಗೆ ಹಿಡಿಸಿದ್ದರು. ಆಗ ವೈನಿ ಅವಲಕ್ಕಿಯ ತಾಟು ತಂದಿಟ್ಟಳು. ಇವರ ತವರು ಯಾವುದು ಎಂದು ಅವರ ತಾಯಿ ಕೇಳಿದರು. ಅಣ್ಣ ಮುಚ್ಚಿಡದೆ ಹೇಳಿದ. ಮೂರು ದಿನದ ಮೇಲೆ ನಡುವಿನವರು ಬಂದು, ಹುಡುಗಿಯ ಬಗ್ಗೆ ಏನೂ ತಕರಾರಿಲ್ಲ, ಆದರೆ ಮನೆಯಲ್ಲಿ ಪರದೇಶದವರಿದ್ದಾರೆ, ಕಾಗದಪತ್ರ ಇನ್ನೂ ಆಗಿಲ್ಲ, ನಾಳೆ ಏನಾದರೂ ಆದರೆ ತಮ್ಮ ನೌಕರಿಗೆ ತ್ರಾಸು ಅನ್ನುತ್ತಾರೆ ಎಂದು ತಿಳಿಸಿದರು. ವೈನಿಗೆ ಇದನ್ನು ಯಾರೂ ಹೇಳಲಿಲ್ಲ. ಸಂಬಂಧ ತಪ್ಪಿತು ಎಂದಷ್ಟೇ ಅವಳಿಗೆ ಗೊತ್ತಿತ್ತು. ಭಾನುವಾರ ನನ್ನನ್ನು ಎದುರಿಗೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಅವಳ ಕೈ ತಲೆಯ ಮೇಲೆ ಆಡುತ್ತಿದ್ದಷ್ಟು ಹೊತ್ತೂ ನಾನು ಹಲ್ಲು ಕಚ್ಚಿ ಕೂತಿದ್ದೆ.

ಅವಳು ಊರಿಗೆ ಹೋಗಬೇಕು ಅನ್ನುತ್ತಿದ್ದದ್ದು ನಿಜ. ಅಲ್ಲಿ ಅವಳ ತಾಯಿ ಇದ್ದಳು. ತವರಿಗೆ ಹೋಗಬೇಕು ಎಂದು ಯಾವ ಹೆಣ್ಣುಮಗಳು ಅನ್ನುವುದಿಲ್ಲ? ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೇರೆ ಅರ್ಥ ಬರುವ ಹಾಗೆ ಹೇಳಿದೆ.

ಮುಂದೆ ನಾಲ್ಕು ತಿಂಗಳು ಏನೂ ಸುದ್ದಿ ಇರಲಿಲ್ಲ. ನಾನು ಹೇಳಿದ್ದು ಯಾವುದೋ ಕಪಾಟಿನಲ್ಲಿ ಸೇರಿಹೋಗಿರಬೇಕು, ಅಷ್ಟಕ್ಕೆಲ್ಲ ಯಾರು ಬೆಲೆ ಕೊಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಒಂದು ಗುರುವಾರ ಶಾಲೆಯಿಂದ ಬರುವಷ್ಟರಲ್ಲಿ ಅಣ್ಣ ಪಡಸಾಲೆಯ ನಡುವೆ ನಿಂತು ಒಂದು ಕಾಗದ ಓದುತ್ತಿದ್ದ. ಅರ್ಜಿದಾರರು ಭಾರತದಲ್ಲಿ ಕಾಯಂ ಆಗಿ ನೆಲೆಸುವ ಉದ್ದೇಶದ ಬಗ್ಗೆ ಸ್ಥಳೀಯ ವಿಚಾರಣೆಯಲ್ಲಿ ಸಂದೇಹ ಕಂಡುಬಂದಿರುವುದರಿಂದ, ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗಬೇಕು ಎಂದಿತ್ತು. ಅಣ್ಣ ಅದನ್ನು ಮೂರು ಸಲ ಓದಿದ. ತಹಶೀಲ್ದಾರ್ ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಹಿರಿಯರೊಬ್ಬರಿಗೆ ಒಯ್ದು ತೋರಿಸಿದ. ಇದು ಯಾರೋ ಹೇಳಿರುವ ಮಾತು, ಬರೀ ಕಚೇರಿಯವರು ತೆಗೆದ ತಕರಾರಲ್ಲ ಎಂದು ಅವರು ಹೇಳಿ ಕಳಿಸಿದರು.

ಯಾರು ಎಂದು ಅಣ್ಣ ಹೆಚ್ಚು ಹೊತ್ತು ಯೋಚಿಸಲಿಲ್ಲ. ಬಾಜೂ ಮನೆಯವರಿಗೂ ನಮಗೂ ಬಚ್ಚಲ ನೀರಿನ ಗಟಾರದ ಸಲುವಾಗಿ ವರ್ಷದಿಂದ ಮಾತಿರಲಿಲ್ಲ. ಮರುದಿನ ಮುಂಜಾನೆ ಅವನು ಅವರ ಬಾಗಿಲಿಗೆ ಹೋಗಿ ನಿಂತ. ಆ ಮನೆಯ ಗಂಡಸು ಹೊರಗೆ ಬಂದವರೇ ತಮಗೇನೂ ಗೊತ್ತಿಲ್ಲ ಎಂದರು. ಅಣ್ಣ ಅವರ ಅಂಗಿ ಹಿಡಿದ. ಅವರ ಹೆಂಡತಿ ಓಡಿಬಂದು ನಡುವೆ ನಿಂತು, ಮಕ್ಕಳ ಮೇಲೆ ಆಣೆ ಮಾಡಿದಳು. ಓಣಿಯ ಜನ ಸೇರಿದರು. ನಾನು ಕಿಟಕಿಯ ಹತ್ತಿರ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಅದನ್ನು ಆಡದೆ ಎಂದಿನಂತೆ ಶಾಲೆಗೆ ಹೋದೆ. ಅಂದು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ವೈನಿಯ ಆ ವರ್ಷದ ಪರವಾನಗಿ ಅದೇ ತಿಂಗಳ ಕೊನೆಗೆ ಮುಗಿಯುವುದಿತ್ತು. ಅರ್ಜಿ ತಿರಸ್ಕಾರವಾದರೆ ಪರವಾನಗಿಯೂ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಮನೆಯಲ್ಲಿ ತುಂಬಿಕೊಂಡಿತು. ಅವಳು ಅಳಲಿಲ್ಲ, ಕೆಲಸಕ್ಕೆ ಬಿದ್ದಳು. ಮನೆಯ ಹೊದಿಕೆಗಳನ್ನೆಲ್ಲ ಒಗೆದಳು. ಅವ್ವನ ಗುಳಿಗೆಗಳನ್ನು ಮುಂಜಾನೆಯವು, ಸಂಜೆಯವು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿ ನನಗೆ ತೋರಿಸಿದಳು. ಆರು ವರ್ಷದ ಮಗಳು ನಾನು ಕಲಿಸುವ ಶಾಲೆಗೇ ಬರುತ್ತಿದ್ದಳು. ಅವಳು ಹುಟ್ಟಿದ್ದೇ ಭಾರತೀಯಳಾಗಿ, ಅವಳ ಕಾಗದಕ್ಕೆ ತಕರಾರಿರಲಿಲ್ಲ. ಒಂದು ದಿನ ಅವಳ ಜಡೆ ಹೆಣೆಯುತ್ತಿದ್ದ ವೈನಿ ನನ್ನ ಕಡೆ ತಿರುಗಿ ನೋಡದೆಯೇ, ತನ್ನನ್ನು ಕಳಿಸಿಬಿಟ್ಟರೆ ಇವಳನ್ನು ನೋಡಿಕೊಳ್ಳುತ್ತೀಯಲ್ಲ ನಂಗಿ ಎಂದು ಕೇಳಿದಳು. ಅವಳ ಭಾಷೆಯಲ್ಲಿ ತಂಗಿಗೆ ನಂಗಿ ಅನ್ನುತ್ತಾರೆ. ಬಂದ ಮೊದಲ ವಾರದಿಂದ ನನ್ನನ್ನು ಹಾಗೇ ಕರೆಯುತ್ತಿದ್ದಳು. ನಾನು ಹೂಂ ಅಂದೆ.

ಹಾಜರಾಗಬೇಕಾದ ದಿನ ಅಣ್ಣನೇ ಅವಳನ್ನು ಕರೆದುಕೊಂಡು ಹೋಗುವವನಿದ್ದ. ಅವನು ಇಂಡಿ ಪೇಟೆಯಿಂದ ಹೈದರಾಬಾದಿಗೆ ಲಿಂಬೆಹಣ್ಣಿನ ಗಾಡಿ ಓಡಿಸುತ್ತಾನೆ. ಹಿಂದಿನ ದಿನ ಮರಳಿ ಬರುವಾಗ ದಾರಿಯಲ್ಲಿ ಗಾಡಿ ಕೆಟ್ಟಿತು. ಬೆಳಗ್ಗೆ ಫೋನ್ ಮಾಡಿ, ನೀನೇ ಅವಳನ್ನು ಕರೆದುಕೊಂಡು ಹೋಗು, ಸಾಧ್ಯವಾದರೆ ನಾನು ನೇರ ಅಲ್ಲಿಗೇ ಬಂದು ಮುಟ್ಟುತ್ತೇನೆ ಎಂದ. ಶಾಲೆಗೆ ರಜೆ ಹೇಳಿ ನಾನು ಹೊರಟೆ.

ವೈನಿ ಕಿಟಕಿಯ ಪಕ್ಕ ಕೂತಳು. ಕಾಗದಗಳ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟು ಅದರ ಮೇಲೆ ಕೈ ಇಟ್ಟುಕೊಂಡಿದ್ದಳು. ಬಸ್ಸು ಮುದ್ದೇಬಿಹಾಳ ದಾಟಿದ ಮೇಲೆ, ಸಾಹೇಬರು ಏನು ಕೇಳಬಹುದು, ತಾನು ಏನು ಹೇಳಬೇಕು ಎಂದು ನನ್ನನ್ನು ಕೇಳತೊಡಗಿದಳು. ಬಾಜೂ ಮನೆಯವರು ಏನು ಹೇಳಿದ್ದಾರೆಂದು ತಿಳಿದರೆ ಉತ್ತರ ಕೊಡಬಹುದಿತ್ತು, ಏನು ಹೇಳಿರಬಹುದು ಎಂದು ಮತ್ತೆ ಮತ್ತೆ ಕೇಳಿದಳು. ನಾನು ಕಂಡಕ್ಟರನ ಕಡೆ, ರಸ್ತೆಯ ಕಡೆ ನೋಡುತ್ತ ಕೂತೆ.

ಬಸವನ ಬಾಗೇವಾಡಿ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ನಾನು ಇಳಿದು ಎರಡು ಚಹಾ ತಂದೆ. ಒಂದನ್ನು ಅವಳ ಕೈಗೆ ಕೊಟ್ಟು, ಕೂತುಕೊಳ್ಳದೆಯೇ ಹೇಳಿದೆ.

"ವೈನಿ, ಬಾಜೂ ಮನಿಯವ್ರು ಏನೂ ಹೇಳಿಲ್ರಿ. ಪೊಲೀಸ್ರಿಗೆ ಹೇಳ್ದಾಕಿ ನಾನು."

ಅವಳಿಗೆ ಅರ್ಥವಾಗಲಿಲ್ಲ. ನಾನು ಪೊಲೀಸರ ಹತ್ತಿರ ಹೋಗಿ ಅವಳ ಪರವಾಗಿ ಏನೋ ಹೇಳಿಬಂದಿದ್ದೇನೆ ಎಂದುಕೊಂಡಳು. ಅವಳ ಮುಖ ಅರಳಿದ್ದನ್ನು ಕಂಡೆ. ಬಿಡಿಸಿ ಹೇಳಬೇಕಾಯಿತು. ಅವಳು ಕಾಯಂ ಇಲ್ಲಿರುವ ಭರವಸೆ ಇಲ್ಲ ಎಂದು ಹೇಳಿ ಸಹಿ ಹಾಕಿದವಳು ನಾನೇ ಎಂದೆ. ಸಿಂದಗಿಯವರು ಯಾಕೆ ಬೇಡ ಅಂದರು ಎನ್ನುವುದನ್ನೂ ಹೇಳಿದೆ.

ಅವಳು ಚಹಾದ ಕಪ್ಪನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ಕೇಳಿದಳು, "ನಾ ಹೋಗ್ಲಿ ಅಂತ ಅನಿಸಿತ್ತೇನ್ರಿ ನಿಮಗ?"

"ಆವತ್ತು ಅನಿಸಿತ್ರಿ," ಎಂದೆ.

ಅವಳು ಕಪ್ಪನ್ನು ಸೀಟಿನ ಕೆಳಗೆ ಇಟ್ಟಳು. ನಡುವೆ ಇದ್ದ ಚೀಲವನ್ನು ಎತ್ತಿ ಕಿಟಕಿಯ ಕಡೆಗೆ, ತನ್ನ ಮಗ್ಗುಲಿಗೆ ಇಟ್ಟುಕೊಂಡಳು. ಇಂಥ ಮನೆಯೂ ಬೇಡ, ಈ ದೇಶವೂ ಬೇಡ ಎಂದು ಅವಳು ಸಾಹೇಬರ ಮುಂದೆ ಹೇಳಿಬಿಟ್ಟರೆ ಅಣ್ಣನಿಗೆ ಏನು ಮುಖ ತೋರಿಸಲಿ ಎಂದು ನಾನು ಜಿಲ್ಲಾ ಕಚೇರಿ ಮುಟ್ಟುವ ತನಕ ಯೋಚಿಸುತ್ತಿದ್ದೆ.

ಅಣ್ಣ ಬಂದಿರಲಿಲ್ಲ. ಎರಡು ತಾಸು ಕಾದ ಮೇಲೆ ಒಳಗೆ ಕರೆದರು. ಅಧಿಕಾರಿ ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು, ಬೆಂಗಳೂರು ಕಡೆಯ ಮಾತು. ಅವರು ಫೈಲು ತೆಗೆದು, ನಿಮ್ಮ ಮನೆಯವರೇ ಕೊಟ್ಟ ಹೇಳಿಕೆ ಇದೆ ಎಂದು ಓದತೊಡಗಿದರು. ಅವರು ಮುಗಿಸುವ ಮೊದಲೇ ನಾನು ಎದ್ದು ನಿಂತೆ. ಅದು ನನ್ನ ಹೇಳಿಕೆ, ಸಿಟ್ಟಿನಲ್ಲಿ ಕೊಟ್ಟದ್ದು, ನಿಜವಲ್ಲ ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವೇನು ಕೆಲಸ ಮಾಡೋದು?"

ಸರ್ಕಾರಿ ಶಾಲೆಯ ಶಿಕ್ಷಕಿ ಎಂದೆ.

"ಸರ್ಕಾರಿ ನೌಕರರು ವಿಚಾರಣೆಯಲ್ಲಿ ಸುಳ್ಳು ಹೇಳಿಕೆ ಕೊಟ್ಟರೆ ಏನಾಗುತ್ತೆ ಗೊತ್ತಾ? ಈಗ ಹೇಳ್ತಿರೋದು ಸುಳ್ಳೋ, ಆವಾಗ ಹೇಳಿದ್ದು ಸುಳ್ಳೋ ನಾನು ಹೇಗೆ ತಿಳ್ಕೊಳ್ಳಲಿ?"

ಅವರು ಬಿಳಿ ಹಾಳೆ ಕೊಟ್ಟು, ನಡೆದದ್ದನ್ನು ಬರೆದು ಸಹಿ ಮಾಡಿ, ಇದರ ಪ್ರತಿ ನಿಮ್ಮ ಇಲಾಖೆಗೂ ಹೋಗುತ್ತದೆ ಎಂದರು. ನಾನು ಮೇಜಿನ ಮೂಲೆಗೆ ಕೂತು ಬರೆಯತೊಡಗಿದೆ. ಸಿಂದಗಿಯ ಸಂಬಂಧದ ಮಾತನ್ನೂ ಬರೆದೆ. ಅದನ್ನು ಬರೆಯದಿದ್ದರೆ ಉಳಿದದ್ದನ್ನು ಯಾರೂ ನಂಬುತ್ತಿರಲಿಲ್ಲ. ನಾನು ಬರೆಯುತ್ತಿರುವಾಗ ಅವರು ವೈನಿಯನ್ನು ಕೇಳಿದರು, ನಿಮಗೆ ಪೌರತ್ವ ಯಾಕೆ ಬೇಕು ಎಂದು.

ವೈನಿ ತಡಮಾಡದೆ ಹೇಳಿದಳು. "ವರ್ಷಾ ವರ್ಷಾ ನನ್ನ ಮನ್ಯಾಗ ನಾ ಇರಾಕ ಪರವಾನಗಿ ಕೇಳೂದು ಸಾಕಾಗೇತ್ರಿ ಬಾಯಾರ. ಬೀಗರಂಗ ಅದೀನ್ರಿ ನಾ. ಬೀಗರ ಮ್ಯಾಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ತಾರ್ರಿ."

ಬಂದು ಹೋಗುವ ನೆಂಟರಿಗೆ ನಮ್ಮ ಕಡೆ ಬೀಗರು ಅನ್ನುತ್ತಾರೆ. ನನ್ನ ಪೆನ್ನು ನಿಂತಿತು. ಊರಿಗೆ ಹೋಗಬೇಕು ಅಂತೀರಂತೆ ಎಂದು ಅವರು ಕೇಳಿದರು. ತಾಯಿ ಇರುವ ತನಕ ಅನ್ನುತ್ತೇನೆ, ಆಮೇಲೆಯೂ ಅಂದರೂ ಅಂದೇನು, ಆದರೆ ಇರುವುದು ಇಲ್ಲೇ ಎಂದಳು ಅವಳು. ಮತ್ತೊಮ್ಮೆ ವಿಚಾರಣೆಗೆ ಬರೆಯುತ್ತೇನೆ, ಅಲ್ಲಿಯ ತನಕ ಇರುವ ಪರವಾನಗಿ ಮುಂದುವರಿಸಲು ಕೇಳಿಕೊಳ್ಳಿ ಎಂದು ಹೇಳಿ ಅಧಿಕಾರಿ ಫೈಲು ಮುಚ್ಚಿದರು.

ಹೊರಗೆ ಬರುವಷ್ಟರಲ್ಲಿ ಅಣ್ಣ ಗೇಟಿನಲ್ಲಿ ನಿಂತಿದ್ದ. ಮೈಯೆಲ್ಲ ಗ್ರೀಸು. ನಾನೇ ಹೇಳಿದೆ. ಅವನು ಕೈ ಎತ್ತುತ್ತಾನೆ ಎಂದುಕೊಂಡೆ, ಎತ್ತಲಿಲ್ಲ. ನನ್ನನ್ನು ದಾಟಿ ಹೋಗಿ ವೈನಿಯ ಕೈಯಿಂದ ಚೀಲ ತೆಗೆದುಕೊಂಡ. ಅಂದಿನಿಂದ ಒಂದೂವರೆ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಊರಿಗೆ ಬಂದ ಸಂಜೆಯೇ ನನ್ನನ್ನು ಮುಂದೆ ಮಾಡಿಕೊಂಡು ಬಾಜೂ ಮನೆಗೆ ಹೋದ. ಅಲ್ಲಿ ಅವರಿಬ್ಬರ ಮುಂದೆ ನಿಂತು ನಾನು ಎಲ್ಲ ಹೇಳಬೇಕಾಯಿತು. ಅಣ್ಣ ಕೈ ಮುಗಿದ. ಆ ಗಂಡಸು ಹೋಗಲಿ ಬಿಡಿ ಎಂದರು. ಅವರ ಹೆಂಡತಿ ಅಷ್ಟು ಸಲೀಸಾಗಿ ಬಿಡಲಿಲ್ಲ. ನನ್ನನ್ನೇ ನೋಡುತ್ತ, "ಮತ್ತ ಪೊಲೀಸ್ರು ಬಂದ್ರ ನಾ ಹೇಳ್ತೇನಿ. ಆಕಿ ಸಲುವಾಗಿ ಹೇಳ್ತೇನಿ, ನಿಮ್ಮ ಸಲುವಾಗಿ ಅಲ್ಲ," ಎಂದಳು. ಎರಡನೆಯ ವಿಚಾರಣೆಗೆ ಬಂದಾಗ ಹಾಗೇ ಮಾಡಿದಳು. ತನ್ನ ಬಾಣಂತನದಲ್ಲಿ ಒಂದು ತಿಂಗಳು ರೊಟ್ಟಿ ಬಡಿದುಕೊಟ್ಟವಳು ವೈನಿಯೇ ಎಂದು ಬರೆಸಿದಳಂತೆ. ನನ್ನನ್ನು ಈ ಸಲ ಯಾರೂ ಏನೂ ಕೇಳಲಿಲ್ಲ. ಇಲಾಖೆಯಿಂದ ಕಾರಣ ಕೇಳಿ ನೋಟಿಸು ಬಂತು. ಒಂದು ಲಿಖಿತ ಎಚ್ಚರಿಕೆ ನನ್ನ ಸೇವಾ ಪುಸ್ತಕ ಸೇರಿತು. ಅದು ಈಗಲೂ ಅಲ್ಲಿದೆ.

ವೈನಿ ಜಗಳ ಮಾಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಡಿಸುತ್ತಿದ್ದಳು. ಆದರೆ ಎಲ್ಲರ ಹಾಗೆ ಅವಳೂ ನನ್ನನ್ನು ಟೀಚರ್ರ ಎಂದು ಕರೆಯತೊಡಗಿದಳು. ಅವ್ವನ ಕಿವಿಗೂ ಅದು ಬಿತ್ತು. ಯಾಕೆ ಎಂದು ಅವ್ವ ಇಬ್ಬರನ್ನೂ ಕೇಳಿದಳು. ಇಬ್ಬರೂ ಹೇಳಲಿಲ್ಲ.

ವರ್ಷದ ಮೇಲೆ ದಿಲ್ಲಿಯಿಂದ ಒಪ್ಪಿಗೆಯ ಪತ್ರ ಬಂತು. ಆದರೆ ಅದು ಪೌರತ್ವವಲ್ಲ. ಮೊದಲು ತನ್ನ ದೇಶದ ಪೌರತ್ವ ಬಿಟ್ಟ ಪ್ರಮಾಣಪತ್ರ ತಂದು ಕೊಟ್ಟರೆ ಆಮೇಲೆ ಭಾರತದ್ದು ಎಂದಿತ್ತು. ಅಣ್ಣ, ವೈನಿ ಇಬ್ಬರೂ ಚೆನ್ನೈಗೆ ಹೋಗಿ, ಅಲ್ಲಿರುವ ಅವಳ ದೇಶದ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದರು. ಕೆಲವು ತಿಂಗಳಿಗೆ ಪ್ರಮಾಣಪತ್ರ ಕೈಗೆ ಬಂತು, ಪಾಸ್‌ಪೋರ್ಟು ಹೋಯಿತು. ಇಲ್ಲಿರುವ ಪರವಾನಗಿ ಆ ಪಾಸ್‌ಪೋರ್ಟಿನ ಮೇಲೇ ಇತ್ತು. ಹೀಗೆ ಆ ಕಡೆಯ ಬಾಗಿಲು ಮುಚ್ಚಿತ್ತು, ಈ ಕಡೆಯದು ಇನ್ನೂ ತೆರೆದಿರಲಿಲ್ಲ. ವೈನಿ ಒಪ್ಪಿಗೆ ಪತ್ರದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸಂತೆಗೂ ಒಯ್ಯುತ್ತಿದ್ದಳು. ತಾಳಿಕೋಟೆಗೆ ಒಂದು ಮದುವೆಗೆ ಕರೆದರೆ ಬರಲಿಲ್ಲ. ಪೊಲೀಸ್ ಜೀಪು ಓಣಿಯ ಬಾಯಿಗೆ ನಿಂತರೆ ಒಳಗೆ ಹೋಗಿ ಕೂಡುತ್ತಿದ್ದಳು.

ಆ ದಿನಗಳಲ್ಲೇ ಅವಳ ತಾಯಿ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಫೋನ್ ಬಂದಾಗ ವೈನಿ ಹಿಟ್ಟು ನಾದುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಮಾತಾಡಿದಳು. ಮಾತು ಮುಗಿದ ಮೇಲೆ ಬಂದು ನನ್ನ ಎದುರು ನಿಂತಳು.

"ನಂಗಿ, ನನ್ನ ಹತ್ರ ಯಾ ದೇಶದ ಪಾಸ್‌ಪೋರ್ಟೂ ಇಲ್ಲ. ಹೆಂಗ ಹೋಗ್ಲಿ?"

ಅವಳು ಏನೆಂದು ಕರೆದಳು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಆ ಕ್ಷಣ ಅವಳ ಕೈ ತೊಳೆಸುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಮರುದಿನ ಅವಳನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಹೋದೆ. ಫೈಲು ದಿಲ್ಲಿಯಲ್ಲಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಮುಂದಿನ ಸೋಮವಾರ ಮತ್ತೆ ಹೋದೆ. ಆಮೇಲೆ ಒಬ್ಬಳೇ ಹೋಗತೊಡಗಿದೆ. ಅಲ್ಲಿಯ ಗುಮಾಸ್ತರು ನನ್ನನ್ನು ಕಂಡ ಕೂಡಲೇ ಇಲ್ಲ ಎಂದು ಕೈ ಆಡಿಸುತ್ತಿದ್ದರು. ಶಸ್ತ್ರಚಿಕಿತ್ಸೆಯ ದಿನ ಅವಳ ತಮ್ಮ ಆಸ್ಪತ್ರೆಯಿಂದ ಫೋನಿನಲ್ಲಿ ತಾಯಿಯ ಮುಖ ತೋರಿಸಿದ. ಮುದುಕಿ ಒಂದೇ ಮಾತನ್ನು ಕೇಳುತ್ತಿದ್ದಳು. ಭಾಷೆ ಬಾರದ ನನಗೂ ಅದು ತಿಳಿಯಿತು, ಯಾವಾಗ ಬರುತ್ತೀ ಎಂದು. ಬರುವ ತಿಂಗಳು ಎಂದು ವೈನಿ ಹೇಳಿದಳಂತೆ. ಮುಂದಿನ ತಿಂಗಳೂ ಹಾಗೇ ಹೇಳಿದಳು. ಅದರ ಮುಂದಿನ ತಿಂಗಳು ತಾಯಿ ಕೇಳುವುದನ್ನು ಬಿಟ್ಟಳು. ವೈನಿಯನ್ನು ಕಂಗೆಡಿಸಿದ್ದು ಅದೇ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಆ ಸುಳ್ಳು ಹೇಳಿಕೆ ಕೊಡದಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತು, ಇಷ್ಟು ಹೊತ್ತಿಗೆ ಅವಳು ತಾಯಿಯ ಹತ್ತಿರ ಇರುತ್ತಿದ್ದಳು. ಈ ಲೆಕ್ಕ ಅವಳಿಗೂ ಗೊತ್ತಿತ್ತು. ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ.

ಐದನೆಯ ತಿಂಗಳಿಗೆ ಕರೆ ಬಂತು. ಈ ಸಲ ಎಲ್ಲರೂ ಹೋದೆವು, ಅವ್ವನೂ ಬಂದಳು. ಒಂದು ಸಣ್ಣ ಕೋಣೆ, ಗೋಡೆಗೆ ಫ್ಯಾನು. ಅಧಿಕಾರಿ ಬದಲಾಗಿದ್ದರು. ವೈನಿ ನಿಂತು, ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆ ಎಂಬ ಪ್ರಮಾಣವನ್ನು ಕನ್ನಡದಲ್ಲಿ ಓದಿದಳು. ಅಕ್ಷರ ಕಲಿಸಿದವಳು ನಾನೇ. ಒಂದು ಕಡೆ ತಡವರಿಸಿ, ಮೊದಲಿನಿಂದ ಓದಲೇ ಎಂದು ಕೇಳಿದಳು. ಬೇಡಮ್ಮ, ಮುಂದಕ್ಕೆ ಓದಿ ಎಂದರು ಅವರು. ಪ್ರಮಾಣಪತ್ರ ಕೊಟ್ಟು, ಸಹಿ ಹಾಕಿಸಿಕೊಂಡು, ಮುಂದಿನವರನ್ನು ಕರೆದರು. ಮುಗಿಯಿತೇ ಎಂದು ಅವ್ವ ನನ್ನನ್ನು ಜೋರಾಗಿ ಕೇಳಿದಳು. ಮುಗಿಯಿತು ಎಂದೆ.

ಪಾಸ್‌ಪೋರ್ಟು ಬರಲು ಇನ್ನೂ ಕೆಲವು ವಾರ ಹಿಡಿಯಿತು. ಅದು ಬಂದ ಮೂರನೆಯ ದಿನ ವೈನಿ ಹೊರಟಳು. ಮಗಳನ್ನು ನನ್ನ ಹತ್ತಿರವೇ ಬಿಟ್ಟಳು. ಅವಳ ದೇಶದ ವಿಮಾನ ನಿಲ್ದಾಣದಲ್ಲಿ ಪರದೇಶದವರ ಸಾಲಿನಲ್ಲಿ ನಿಂತಳಂತೆ. ಕೌಂಟರಿನಲ್ಲಿದ್ದ ಹುಡುಗಿ ಇವಳ ಭಾಷೆಯಲ್ಲೇ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದಳಂತೆ. ಮೂವತ್ತು ದಿನದ ವೀಸಾ ಇತ್ತು. ಮನೆ ಮುಟ್ಟಿದಾಗ ತಾಯಿ ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಮಗಳನ್ನು ನೋಡಿ ಮೊದಲು ಬೈದಳು, ಎಷ್ಟು ಸಲ ಬರುವ ತಿಂಗಳು ಎಂದು ಹೇಳಿದೆ ನೀನು ಎಂದು. ಇದನ್ನೆಲ್ಲ ವೈನಿ ಫೋನಿನಲ್ಲಿ ಅವ್ವನಿಗೆ ಕೂಗಿ ಕೂಗಿ ಹೇಳಿದಳು. ನಾನು ಪಕ್ಕದಲ್ಲಿ ಮಗಳ ಜಡೆ ಹೆಣೆಯುತ್ತ ಕೇಳಿಸಿಕೊಂಡೆ.

ಮೂವತ್ತು ದಿನ ಇರಬಹುದಿತ್ತು. ಇಪ್ಪತ್ತೆರಡನೆಯ ದಿನಕ್ಕೆ ಅವಳು ಮರಳಿ ಬಂದಳು. ಅವ್ವನ ಗುಳಿಗೆ ನಾನು ಸರಿಯಾಗಿ ಕೊಡುತ್ತಿದ್ದೇನೋ ಇಲ್ಲವೋ ಎಂದು ಅವಳಿಗೆ ಸಂಶಯವಿತ್ತಂತೆ. ಬಂದವಳು ಮುಖ ತೊಳೆಯುವ ಮೊದಲೇ ಡಬ್ಬಿ ತೆಗೆದು ನೋಡಿದಳು.